ಮಿದುಳಿಗೆ ಹರಡಿದ ಕ್ಯಾನ್ಸರ್: ಗುರಿಯಿಟ್ಟು ಕೊಡುವ ವಿಕಿರಣ, ಆಮೇಲಿನ ಕಾವಲು

ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಯಾರದಾದರೂ ಕ್ಯಾನ್ಸರ್ ಮಿದುಳಿಗೆ ಹರಡಿದೆ ಎಂದು ಗೊತ್ತಾದರೆ ಮನೆಯವರು ಅದನ್ನು ‘ತಲೆಗೆ ಹೋಗಿದೆಯಂತೆ’ ಎಂದು ದನಿ ತಗ್ಗಿಸಿ ಹೇಳುತ್ತಾರೆ. ಕೇಳಿದವರು ‘ಹಾಗಾದರೆ ಇನ್ನು ಓಡಾಡಿಸಿ ಫಲವಿಲ್ಲ, ಮನೆಯಲ್ಲೇ ನೆಮ್ಮದಿಯಾಗಿ ನೋಡಿಕೊಳ್ಳಿ’ ಎನ್ನುತ್ತಾರೆ. ಕೆಲವು ರೋಗಿಗಳ ಮಟ್ಟಿಗೆ ಆ ಸಲಹೆ ಇಂದಿಗೂ ಸರಿಯೇ. ಆದರೆ ಗಡ್ಡೆಗಳು ಎಷ್ಟಿವೆ, ಎಷ್ಟು ದೊಡ್ಡವು, ಮಿದುಳಿನ ಯಾವ ಭಾಗದಲ್ಲಿವೆ, ಮೂಲ ಕ್ಯಾನ್ಸರ್ ಯಾವ ಬಗೆಯದು, ಶರೀರದ ಉಳಿದ ಕಡೆ ಅದು ಹತೋಟಿಯಲ್ಲಿದೆಯೇ, ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು ಗಟ್ಟಿಯಾಗಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಎಲ್ಲರಿಗೂ ಅದೇ ತೀರ್ಮಾನ ಕೊಟ್ಟುಬಿಡುವುದು ಅನ್ಯಾಯ. ಗಡ್ಡೆಯನ್ನಷ್ಟೇ ಗುರಿಯಿಟ್ಟು ಕೊಡುವ ವಿಕಿರಣ ಚಿಕಿತ್ಸೆ ಇಂದು ಬೆಂಗಳೂರಿನಲ್ಲಿ ಲಭ್ಯವಿದೆ. ಅದನ್ನು ಆರಿಸಿಕೊಂಡವರು ಇನ್ನೊಂದು ಹೊಣೆಯನ್ನೂ ಒಪ್ಪಿಕೊಂಡಿರುತ್ತಾರೆ: ಎರಡು ಮೂರು ತಿಂಗಳಿಗೊಮ್ಮೆ ತಪ್ಪದೆ ಎಂಆರ್‌ಐ ಮಾಡಿಸುವುದು. ಈ ಎರಡನೆಯ ಸಂಗತಿಯನ್ನು ನಮ್ಮ ಊರುಗಳಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲವಾದ್ದರಿಂದ ಈ ಬರಹ.

ನಾನು ವೈದ್ಯನಲ್ಲ, ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟವಿರುವ ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಮಿದುಳಿಗೆ ಹರಡಿತು. ಅವಳ ಜೊತೆ ಆಸ್ಪತ್ರೆಗೆ ಓಡಾಡಿದವನು ನಾನಾದ್ದರಿಂದ, ಮತ್ತು ವಿಕಿರಣವೆಂದರೆ ನನಗೆ ಪಾಠದ ವಿಷಯವೂ ಆಗಿದ್ದುದರಿಂದ, ವೈದ್ಯರು ಹೇಳಿದ್ದನ್ನು ಓದಿ ತಿಳಿದುಕೊಳ್ಳುವ ಅವಕಾಶ ಒದಗಿತು.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಸ್ತನದಿಂದಲೋ ಶ್ವಾಸಕೋಶದಿಂದಲೋ ಮಿದುಳಿಗೆ ಬಂದು ಬೆಳೆದ ಗಡ್ಡೆ ಮಿದುಳಿನ ಕ್ಯಾನ್ಸರ್ ಅಲ್ಲ. ಅದು ಮಿದುಳಿನಲ್ಲಿ ಕುಳಿತಿರುವ ಸ್ತನ ಕ್ಯಾನ್ಸರ್ ಅಥವಾ ಶ್ವಾಸಕೋಶದ ಕ್ಯಾನ್ಸರ್. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮಿದುಳಿಗೇ ಹೋಗುತ್ತದೆ. ಆ ರಕ್ತದೊಡನೆ ಸಾಗುವ ಕ್ಯಾನ್ಸರ್ ಕೋಶಗಳು ಮಿದುಳಿನ ಹೊರಪದರದ ಬೂದುಭಾಗ ಮತ್ತು ಒಳಗಿನ ಬಿಳಿಭಾಗ ಸೇರುವಲ್ಲಿ, ರಕ್ತನಾಳಗಳು ಒಮ್ಮೆಲೇ ಸಣ್ಣದಾಗುವ ಜಾಗದಲ್ಲಿ ಸಿಕ್ಕಿಕೊಂಡು ಬೇರೂರುತ್ತವೆ. ಹತ್ತರಲ್ಲಿ ಎಂಟರಷ್ಟು ಗಡ್ಡೆಗಳು ಮುಂಮಿದುಳಿನ ಎರಡು ಗೋಳಾರ್ಧಗಳಲ್ಲಿಯೂ ಉಳಿದವುಗಳಲ್ಲಿ ಹೆಚ್ಚಿನವು ಕಿರುಮಿದುಳಿನಲ್ಲಿಯೂ ಕಾಣಿಸಿಕೊಳ್ಳುತ್ತವೆ. ಮಿದುಳಿನ ರಕ್ತನಾಳಗಳಿಗೆ ತಮ್ಮದೇ ಆದ ತಡೆಯೊಂದಿದ್ದು, ಅದು ಅನೇಕ ಔಷಧಗಳನ್ನು ಒಳಗೆ ಬಿಡುವುದಿಲ್ಲ. ಈ ಕಾರಣದಿಂದಲೇ ಕೀಮೋ ಇಂಜೆಕ್ಷನ್‌ಗಳಿಂದ ಶರೀರದಲ್ಲಿ ಹತೋಟಿಗೆ ಬಂದ ಕ್ಯಾನ್ಸರ್ ಮಿದುಳಿನಲ್ಲಿ ಸದ್ದಿಲ್ಲದೆ ಬೆಳೆಯುವುದುಂಟು. ಹರ್‌-2 ಎಂಬ ಗುರುತಿರುವ ಸ್ತನ ಕ್ಯಾನ್ಸರಿನಲ್ಲಿ ಇದು ಹೆಚ್ಚು. ಅಕ್ಕನದು ಅದೇ ಬಗೆಯದು.

ಅವಳಿಗೆ ತಲೆನೋವೂ ಇರಲಿಲ್ಲ, ಫಿಟ್ಸೂ ಬರಲಿಲ್ಲ. ತೋಟದ ಆಳುಗಳ ವಾರದ ಬಟವಾಡೆಯನ್ನು ಅವಳೇ ಬರೆಯುತ್ತಾಳೆ. ಪುಸ್ತಕದಲ್ಲಿ ಎಡಗಡೆ ಹೆಸರು, ಮಧ್ಯೆ ದಿನಗಳ ಹಾಜರಿ, ಬಲತುದಿಯಲ್ಲಿ ಮೊತ್ತ. ಒಂದು ವಾರ ಮೂರು ನಾಲ್ಕು ಹೆಸರುಗಳ ಮುಂದೆ ಮೊತ್ತದ ಕಾಲಮ್ಮೇ ಖಾಲಿಯಿತ್ತು. ಆಳುಗಳು ಬಂದು ‘ಅಮ್ಮಾ, ನಮ್ಮದು ಬಿಟ್ಟಿದೀರಿ’ ಎಂದು ತೋರಿಸಿದರೂ ಅವಳಿಗೆ ಆ ಜಾಗ ಕಾಣಬೇಕಾದರೆ ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಬೇಕಾಗಿತ್ತು. ಕನ್ನಡಕ ಬದಲಾಯಿಸಬೇಕೆಂದು ಭಾವ ಅವಳನ್ನು ಚಿಕ್ಕಮಗಳೂರಿನ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಆ ವೈದ್ಯರು ಯಾವ ಯಂತ್ರವನ್ನೂ ಬಳಸುವ ಮೊದಲು ಎದುರಿಗೆ ಕುಳಿತು, ಒಂದೊಂದೇ ಕಣ್ಣು ಮುಚ್ಚಿಸಿ, ತಮ್ಮ ಬೆರಳನ್ನು ಬದಿಯಿಂದ ಮೆಲ್ಲನೆ ಮಧ್ಯಕ್ಕೆ ತರುತ್ತ ‘ಕಂಡಾಗ ಹೇಳಿ’ ಎಂದರು. ಎಡಗಣ್ಣಿಗೂ ಬಲಗಣ್ಣಿಗೂ ಬಲಬದಿಯೇ ಕಾಣುತ್ತಿರಲಿಲ್ಲ. ದೋಷ ಒಂದು ಕಣ್ಣಿನಲ್ಲಿದ್ದರೆ ಆ ಕಣ್ಣಿನ ನೋಟ ಮಾತ್ರ ಮಂಜಾಗಬೇಕು. ಎರಡೂ ಕಣ್ಣುಗಳಲ್ಲಿ ಒಂದೇ ಪಕ್ಕ ಮರೆಯಾದರೆ ತೊಂದರೆ ಅದಕ್ಕೆ ಎದುರು ಪಕ್ಕದ ಮಿದುಳಿನಲ್ಲಿರುತ್ತದೆ. ಅವರು ಕನ್ನಡಕದ ಚೀಟಿ ಬರೆಯಲಿಲ್ಲ, ಎಂಆರ್‌ಐಗೆ ಬರೆದರು. ಐದೇ ನಿಮಿಷದ ಆ ಬೆರಳಿನ ಪರೀಕ್ಷೆಗೆ ನಾನು ಇಂದಿಗೂ ಕೃತಜ್ಞ. ಎಡಭಾಗದ ಹಿಂಬದಿಯಲ್ಲಿ, ನೋಟವನ್ನು ಗ್ರಹಿಸುವ ಜಾಗದಲ್ಲಿ, ಎರಡೂವರೆ ಸೆಂಟಿಮೀಟರಿನ ಗಡ್ಡೆ, ಅದರ ಸುತ್ತ ಗಡ್ಡೆಗಿಂತ ದೊಡ್ಡದಾದ ಊತ. ಕಿರುಮಿದುಳಿನಲ್ಲಿ ಬಟಾಣಿಗಿಂತ ಚಿಕ್ಕದಾದ ಇನ್ನೊಂದು.

ಊತಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಶುರುವಾಯಿತು. ಎರಡು ದಿನಗಳಲ್ಲಿ ಬಲಬದಿಯ ನೋಟ ಅರ್ಧದಷ್ಟು ಮರಳಿತು. ಗಡ್ಡೆ ಕರಗಿಬಿಟ್ಟಿತೆಂದು ಭಾವ ಸಂಭ್ರಮಿಸಿದರು. ಕುಗ್ಗಿದ್ದು ಊತ ಮಾತ್ರ. ಈ ಮಾತ್ರೆಯ ವಿಚಾರದಲ್ಲಿ ಮನೆಯವರು ತಿಳಿದಿರಬೇಕಾದದ್ದು ಬಹಳವಿದೆ: ಅದು ಸಕ್ಕರೆ ಏರಿಸುತ್ತದೆ, ಹೊಟ್ಟೆಗೆ ಉರಿ ತರುತ್ತದೆ, ನಿದ್ದೆ ಕೆಡಿಸಿ ಹಸಿವು ಹೆಚ್ಚಿಸುತ್ತದೆ, ಕೆಲವು ವಾರ ತೆಗೆದುಕೊಂಡ ಮೇಲೆ ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಅಪಾಯಕರ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ರಾತ್ರಿ ಎರಡು ಗಂಟೆಗೆ ಎದ್ದು ಒಬ್ಬಳೇ ಅಕ್ಕಿ ರೊಟ್ಟಿ ತಟ್ಟಿಕೊಂಡು ತಿನ್ನುತ್ತಿದ್ದ ಅಕ್ಕನನ್ನು ಕಂಡು ಮನೆಯವರು ಬುದ್ಧಿಗೆ ಏನೋ ಆಗಿದೆಯೆಂದು ಹೆದರಿದರು. ಕಡೆಯ ಮಾತ್ರೆಯನ್ನು ಸಂಜೆಯ ಬದಲು ಮಧ್ಯಾಹ್ನಕ್ಕೆ ತರುವಂತೆ ವೈದ್ಯರು ಹೇಳಿದ ಮೇಲೆ ಆ ರೊಟ್ಟಿಗಳು ನಿಂತವು. ಫಿಟ್ಸ್ ಒಮ್ಮೆಯೂ ಬಾರದವರಿಗೆ ಮುನ್ನೆಚ್ಚರಿಕೆಯೆಂದು ಫಿಟ್ಸ್ ಮಾತ್ರೆ ಕೊಡಬೇಕಾಗಿಲ್ಲ ಎಂಬುದೂ ನನಗೆ ಆಗ ತಿಳಿಯಿತು.

ಇಲ್ಲಿಂದ ಮುಂದೆ ದಾರಿಗಳು ಮೂರು. ಒಂದೇ ದೊಡ್ಡ ಗಡ್ಡೆಯಿದ್ದು ಅದು ಮಿದುಳನ್ನು ಒತ್ತುತ್ತಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ತೆಗೆಯುತ್ತಾರೆ. 1990ರಲ್ಲಿ ಅಮೆರಿಕದಲ್ಲಿ ಪ್ಯಾಚೆಲ್ ಮತ್ತು ಸಂಗಡಿಗರು 48 ರೋಗಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಒಂಟಿ ಗಡ್ಡೆಗೆ ವಿಕಿರಣವನ್ನಷ್ಟೇ ಪಡೆದವರು ಮಧ್ಯಾಂಕದ (ಅರ್ಧ ಮಂದಿ ದಾಟಿದ ಗಡಿಯ) ಲೆಕ್ಕದಲ್ಲಿ 15 ವಾರ ಬದುಕಿದರೆ, ಗಡ್ಡೆ ತೆಗೆಸಿಕೊಂಡು ವಿಕಿರಣ ಪಡೆದವರು 40 ವಾರ ಬದುಕಿದರು. ತಲೆಗೆ ಹೋದರೆ ಏನೂ ಮಾಡಲಾಗದು ಎಂಬ ನಂಬಿಕೆಯನ್ನು ಮೊದಲು ಅಲುಗಾಡಿಸಿದ ಅಧ್ಯಯನಗಳಲ್ಲಿ ಇದೊಂದು. ಎರಡನೆಯದು ಇಡೀ ಮಿದುಳಿಗೆ ವಿಕಿರಣ, ನಮ್ಮ ಜನ ‘ತಲೆಗೆ ಕರೆಂಟ್ ಕೊಡಿಸುವುದು’ ಎನ್ನುವುದು ಇದಕ್ಕೇ. ಸಾಮಾನ್ಯವಾಗಿ 30 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ) ಪ್ರಮಾಣವನ್ನು ಹತ್ತು ಕಂತುಗಳಲ್ಲಿ ಎರಡು ವಾರ ಕೊಡುತ್ತಾರೆ. ಮೂರನೆಯದು ಗಡ್ಡೆಗಷ್ಟೇ ಗುರಿಯಿಟ್ಟು, ಒಂದೇ ಸಲಕ್ಕೆ ಅಥವಾ ಮೂರರಿಂದ ಐದು ಸಲಕ್ಕೆ, ದೊಡ್ಡ ಪ್ರಮಾಣದ ವಿಕಿರಣ ಕೊಡುವ ಸ್ಟೀರಿಯೋಟ್ಯಾಕ್ಟಿಕ್ ರೇಡಿಯೋಸರ್ಜರಿ.

ಈ ಮೂರನೆಯದರ ಹಿಂದಿರುವ ಭೌತಶಾಸ್ತ್ರ ಸರಳವೂ ಸುಂದರವೂ ಆದದ್ದು. ಸ್ಟಾಕ್‌ಹೋಮಿನ ನರಶಸ್ತ್ರಚಿಕಿತ್ಸಕ ಲಾರ್ಸ್ ಲೆಕ್ಸೆಲ್ 1951ರಲ್ಲಿಯೇ ಇದರ ಕಲ್ಪನೆಯನ್ನು ಪ್ರಕಟಿಸಿದರು: ತಲೆಬುರುಡೆ ತೆರೆಯದೆ, ಅನೇಕ ದಿಕ್ಕುಗಳಿಂದ ಸಣ್ಣ ಸಣ್ಣ ವಿಕಿರಣ ಕಿರಣಗಳನ್ನು ಒಂದೇ ಬಿಂದುವಿಗೆ ಹಾಯಿಸಿದರೆ, ಪ್ರತಿಯೊಂದು ಕಿರಣವೂ ತಾನು ಹಾದುಹೋಗುವ ಮಿದುಳಿಗೆ ಹೇಳಿಕೊಳ್ಳುವಂಥ ಹಾನಿ ಮಾಡದಷ್ಟು ದುರ್ಬಲವಾಗಿದ್ದರೂ ಅವೆಲ್ಲ ಸಂಧಿಸುವ ಬಿಂದುವಿನಲ್ಲಿ ಮಾತ್ರ ಪ್ರಮಾಣ ಬಹಳವಾಗುತ್ತದೆ. ಅವರ ಮೊದಲ ಗಾಮಾ ನೈಫ್ ಯಂತ್ರ 1968ರಲ್ಲಿ ಕೆಲಸ ಆರಂಭಿಸಿತು. ಅದರಲ್ಲಿ ಕೊಬಾಲ್ಟ್-60ರ 179 ಆಕರಗಳಿದ್ದವು, ಈಗಿನವುಗಳಲ್ಲಿ 192 ಇವೆ. ಕೊಬಾಲ್ಟ್-60ರ ಅರ್ಧಾಯುಷ್ಯ ಐದೂಕಾಲು ವರ್ಷವಾದ್ದರಿಂದ ಆಕರ ಹಳತಾದಂತೆ ಅದೇ ಚಿಕಿತ್ಸೆಗೆ ಹೆಚ್ಚು ಹೊತ್ತು ಬೇಕಾಗುತ್ತದೆ, ಕೆಲವು ವರ್ಷಗಳಿಗೊಮ್ಮೆ ಆಕರಗಳನ್ನು ಬದಲಿಸಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ. ಕೊಬಾಲ್ಟ್ ಇಲ್ಲದೆ, ವಿದ್ಯುತ್ತಿನಿಂದ ಎಕ್ಸ್‌-ಕಿರಣ ಉತ್ಪಾದಿಸುವ ಲೀನಿಯರ್ ಆಕ್ಸಲರೇಟರನ್ನು ತಲೆಯ ಸುತ್ತ ಕಮಾನಿನಂತೆ ತಿರುಗಿಸಿಯೂ ಇದೇ ಕೆಲಸ ಮಾಡಬಹುದು. ಸ್ಟ್ಯಾನ್‌ಫರ್ಡಿನ ಜಾನ್ ಆಡ್ಲರ್ ರೂಪಿಸಿದ ಸೈಬರ್‌ನೈಫ್‌ನಲ್ಲಿ ಅಂಥ ಸಣ್ಣ ಯಂತ್ರವನ್ನು ರೋಬೋಟಿನ ತೋಳು ಹಿಡಿದು ಆಡಿಸುತ್ತದೆ. ಯಾವ ಯಂತ್ರ ಎಂಬುದರ ಮೇಲೆ ಜಾಹೀರಾತುಗಳು ಮಾಡುವಷ್ಟು ಗದ್ದಲಕ್ಕೆ ಕಾರಣವಿಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ನಡೆಸುವ ವೈದ್ಯರ ಮತ್ತು ವಿಕಿರಣದ ಪ್ರಮಾಣವನ್ನು ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟರ ಅನುಭವ ಹೆಚ್ಚು ಮುಖ್ಯ. ಭೌತಶಾಸ್ತ್ರ ಓದಿದರೆ ಮೇಷ್ಟರಾಗುವುದು ಬಿಟ್ಟು ಇನ್ನೇನು ಗತಿ ಎಂದು ನನ್ನನ್ನು ಕೇಳುತ್ತಿದ್ದ ಪೋಷಕರನ್ನು ಆ ಫಿಸಿಸಿಸ್ಟರ ಕೋಣೆಗೆ ಒಮ್ಮೆ ಕರೆದೊಯ್ಯಬೇಕಿತ್ತು.

ವಿಕಿರಣವು ಗಡ್ಡೆಯನ್ನು ‘ಸುಡುತ್ತದೆ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಒಂದು ಗ್ರೇ ಎಂದರೆ ಒಂದು ಕಿಲೋಗ್ರಾಂ ಅಂಗಾಂಶಕ್ಕೆ ಒಂದು ಜೂಲ್ ಶಕ್ತಿ. ಚಿಕ್ಕ ಗಡ್ಡೆಗೆ ಒಮ್ಮೆಗೇ ಕೊಡುವ ದೊಡ್ಡ ಪ್ರಮಾಣ 24 ಗ್ರೇ. ಲೆಕ್ಕ ಹಾಕಿದರೆ ಅದರಿಂದ ಏರುವ ಉಷ್ಣತೆ ಒಂದು ಡಿಗ್ರಿಯ ನೂರನೆಯ ಒಂದು ಭಾಗವೂ ಅಲ್ಲ. ಸುಡುವ ಪ್ರಶ್ನೆಯೇ ಬರುವುದಿಲ್ಲ. ವಿಕಿರಣ ಕೋಶದೊಳಗಿನ ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸುತ್ತದೆ; ತುಂಡಾದುದನ್ನು ಸರಿಪಡಿಸಿಕೊಳ್ಳಲಾಗದ ಕೋಶ ಮುಂದೆ ವಿಭಜನೆಗೊಳ್ಳಲು ಹೋಗಿ ಸಾಯುತ್ತದೆ. ಹೀಗಾಗಿ ಗಡ್ಡೆ ಮರುದಿನವೇ ಮಾಯವಾಗುವುದಿಲ್ಲ, ವಾರಗಳಲ್ಲಿ, ತಿಂಗಳುಗಳಲ್ಲಿ ಕುಗ್ಗುತ್ತದೆ. ಕೆಲವು ಸಲ ಕುಗ್ಗದೆ, ಬೆಳೆಯದೆ ಹಾಗೆಯೇ ನಿಂತುಬಿಡುತ್ತದೆ, ಅದೂ ಗೆಲುವೇ. ಒಮ್ಮೆಗೇ ಕೊಟ್ಟ 20 ಗ್ರೇ, ಹತ್ತು ಕಂತುಗಳಲ್ಲಿ ಕೊಟ್ಟ 30 ಗ್ರೇಗಿಂತ ಗಡ್ಡೆಯ ಮೇಲೆ ಹೆಚ್ಚು ಪ್ರಬಲ. ಆದರೆ ಗಡ್ಡೆ ದೊಡ್ಡದಾದಷ್ಟೂ ಅದರ ಅಂಚಿನ ಒಳ್ಳೆಯ ಮಿದುಳಿಗೆ ತಗಲುವ ಪಾಲು ಹೆಚ್ಚುವುದರಿಂದ ಪ್ರಮಾಣವನ್ನು ಇಳಿಸಬೇಕಾಗುತ್ತದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ನಿಗದಿಮಾಡಿದ ಮಿತಿ ಇಂದಿಗೂ ಆಧಾರವಾಗಿದೆ: ಎರಡು ಸೆಂಟಿಮೀಟರಿನವರೆಗೆ 24 ಗ್ರೇ, ಎರಡರಿಂದ ಮೂರರವರೆಗೆ 18, ಮೂರರಿಂದ ನಾಲ್ಕರವರೆಗೆ 15. ದೊಡ್ಡ ಗಡ್ಡೆಗಳಿಗೆ 27 ಗ್ರೇಯನ್ನು ಮೂರು ಕಂತುಗಳಲ್ಲಿ ಕೊಡುವುದು ಈಗ ಹೆಚ್ಚು ರೂಢಿಯಲ್ಲಿದೆ. ಅಕ್ಕನ ದೊಡ್ಡ ಗಡ್ಡೆಗೆ ಹಾಗೆಯೇ ಕೊಟ್ಟರು. ಕಿರುಮಿದುಳಿನದು ಒಂದೇ ಸಲಕ್ಕೆ ಮುಗಿಯಿತು.

ಇಡೀ ಮಿದುಳಿಗೆ ಕೊಟ್ಟರೆ ಕಣ್ಣಿಗೆ ಕಾಣದ ಕಣಗಳೂ ಸಾಯುತ್ತವಲ್ಲ, ಅದೇ ಒಳ್ಳೆಯದಲ್ಲವೇ ಎಂದು ಭಾವ ವೈದ್ಯರನ್ನು ಕೇಳಿದರು. ಪ್ರಶ್ನೆ ಬಹಳ ಸರಿಯಾದದ್ದು. ಇದಕ್ಕೆ ಉತ್ತರವಾಗಿ ಎರಡು ಅಧ್ಯಯನಗಳನ್ನು ಹೇಳಬೇಕು. ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಸೆಂಟರಿನ ಚಾಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 58 ರೋಗಿಗಳಿದ್ದರು. ಕೇಳಿದ ಪದಗಳನ್ನು ನೆನಪಿನಿಂದ ಮರಳಿ ಹೇಳುವ ಪರೀಕ್ಷೆಯಲ್ಲಿ ನಾಲ್ಕು ತಿಂಗಳ ನಂತರ ಹಿಂದೆ ಬೀಳುವ ಸಂಭವ, ಗುರಿಯಿಟ್ಟ ವಿಕಿರಣ ಮಾತ್ರ ಪಡೆದವರಲ್ಲಿ ಶೇಕಡಾ 24 ಇದ್ದರೆ, ಜೊತೆಗೆ ಇಡೀ ಮಿದುಳಿಗೂ ಪಡೆದವರಲ್ಲಿ ಶೇಕಡಾ 52 ಇತ್ತು. ಈ ವ್ಯತ್ಯಾಸ ಕಂಡು ಅಧ್ಯಯನವನ್ನು ಅರ್ಧದಲ್ಲಿಯೇ ನಿಲ್ಲಿಸಿದರು. 2016ರಲ್ಲಿ ಬ್ರೌನ್ ಮತ್ತು ಸಂಗಡಿಗರು ಒಂದರಿಂದ ಮೂರು ಗಡ್ಡೆಗಳಿದ್ದ 213 ರೋಗಿಗಳಲ್ಲಿ ಇದನ್ನೇ ಮತ್ತೆ ಪರೀಕ್ಷಿಸಿದರು. ಇಡೀ ಮಿದುಳಿಗೂ ಕೊಟ್ಟಾಗ ವರ್ಷದ ಕೊನೆಗೆ ಮಿದುಳಿನಲ್ಲಿ ರೋಗ ಹತೋಟಿಯಲ್ಲಿದ್ದವರು ಶೇಕಡಾ 85ರಷ್ಟು. ಗುರಿಯಿಟ್ಟ ವಿಕಿರಣ ಮಾತ್ರ ಪಡೆದವರಲ್ಲಿ ಸುಮಾರು ಅರ್ಧ. ಆದರೂ ಎರಡು ಗುಂಪಿನವರು ಬದುಕಿದ ಕಾಲದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ, ಮತ್ತು ಮೂರು ತಿಂಗಳಲ್ಲಿ ನೆನಪು, ಗ್ರಹಿಕೆ ಕುಂದಿದವರು ಮೊದಲ ಗುಂಪಿನಲ್ಲಿ ಸುಮಾರು ಶೇಕಡಾ 92, ಎರಡನೆಯದರಲ್ಲಿ ಶೇಕಡಾ 64.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಗುರಿಯಿಟ್ಟ ವಿಕಿರಣದಿಂದ ನೆನಪು ಹೆಚ್ಚು ಮಟ್ಟಿಗೆ ಉಳಿಯುತ್ತದೆ. ಆದರೆ ವರ್ಷದೊಳಗೆ ಮಿದುಳಿನ ಇನ್ನೊಂದು ಕಡೆ ಹೊಸ ಗಡ್ಡೆ ಏಳುವ ಸಾಧ್ಯತೆಯೂ ಹೆಚ್ಚು. ಹಾಗಿದ್ದೂ ಆಯುಷ್ಯ ಕಡಿಮೆಯಾಗದಿರುವುದಕ್ಕೆ ಒಂದು ಮುಖ್ಯ ಕಾರಣ, ಆ ರೋಗಿಗಳನ್ನು ನಿಗದಿತ ಕಾಲಕ್ಕೆ ಸ್ಕ್ಯಾನ್ ಮಾಡುತ್ತಿದ್ದರು, ಹೊಸದನ್ನು ಚಿಕ್ಕದಿರುವಾಗಲೇ ಹಿಡಿದು ಮತ್ತೆ ಚಿಕಿತ್ಸೆ ಕೊಡುತ್ತಿದ್ದರು ಎಂಬುದು. ಸ್ಕ್ಯಾನ್ ಬಿಟ್ಟುಬಿಡುವವರಿಗೆ ಆ ಫಲಿತಾಂಶ ಅನ್ವಯಿಸುತ್ತದೆಂದು ಭಾವಿಸಲಾಗದು. ಭಾವ ಇದನ್ನು ನನಗಿಂತ ಬೇಗ ಗ್ರಹಿಸಿದರು. ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕ ಬಿದ್ದಾಗ ಹುಳು ಹೊಕ್ಕ ಗಿಡವನ್ನು ಗುರುತಿಸಿ ಅದನ್ನಷ್ಟೇ ಕಿತ್ತು ಸುಡುತ್ತಾರೆ, ತೋಟವನ್ನೆಲ್ಲ ಕೀಳುವುದಿಲ್ಲ. ಆದರೆ ಒಮ್ಮೆ ಕಿತ್ತ ಮೇಲೆ ಪ್ರತಿ ಹಂಗಾಮಿನಲ್ಲೂ ಸಾಲುಸಾಲಾಗಿ ನಡೆದು ನೋಡಲೇಬೇಕು. ‘ಇದೂ ಬೋರರ್ ಟ್ರೇಸಿಂಗೇ ಅನ್ನಿ’ ಎಂದರು. ವೈದ್ಯರು ನಕ್ಕು ಹೌದೆಂದರು.

ಚಿಕಿತ್ಸೆಯ ತಯಾರಿಯಲ್ಲಿ ಮುಖವಾಡದ್ದೇ ಒಂದು ಅಧ್ಯಾಯ. ಗಾಮಾ ನೈಫ್‌ಗೆ ಹಲವು ಕಡೆ ಮರವಳಿಕೆ ಕೊಟ್ಟು ನಾಲ್ಕು ತಿರುಪುಗಳಿಂದ ಚೌಕಟ್ಟೊಂದನ್ನು ತಲೆಬುರುಡೆಗೆ ಬಿಗಿಯುತ್ತಾರೆ. ಅಕ್ಕನಿಗೆ ಲೀನಿಯರ್ ಆಕ್ಸಲರೇಟರಿನಲ್ಲಿ ಆದದ್ದರಿಂದ ಪ್ಲಾಸ್ಟಿಕ್ಕಿನ ಮುಖವಾಡ ಸಾಕಾಯಿತು. ರಂಧ್ರಗಳಿರುವ ಬಿಳಿಯ ಹಾಳೆಯೊಂದನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದೊಡನೆ ಮುಖದ ಮೇಲೆ ಎಳೆದು ಹಿಡಿಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಮೂಗು, ಗಲ್ಲ, ಹುಬ್ಬಿನ ಆಕಾರಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಚಿಕಿತ್ಸೆಯ ಹೊತ್ತಿನಲ್ಲಿ ಅದನ್ನೇ ಮೇಜಿಗೆ ಬಿಗಿದು ತಲೆ ಒಂದು ಮಿಲಿಮೀಟರ್ ಅಲುಗದಂತೆ ನೋಡಿಕೊಳ್ಳುತ್ತಾರೆ. ಅಕ್ಕ ತುರುಬು ಕಟ್ಟಿಕೊಂಡೇ ಮಲಗಿದ್ದಳು. ತಂತ್ರಜ್ಞೆ ಅದನ್ನು ಬಿಚ್ಚಿಸಿ, ಕೂದಲನ್ನು ತಲೆಯ ಹಿಂದೆ ಸೇರದಂತೆ ಬದಿಗೆ ಹರಡಿ, ‘ನಾಳೆ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬಂದರೆ ಇದು ಕೂರುವುದಿಲ್ಲಮ್ಮ, ಇವತ್ತು ಹೇಗಿದ್ದೀರೋ ಹಾಗೆಯೇ ಬನ್ನಿ’ ಎಂದಳು. ಎಂಆರ್‌ಐ ಕೋಣೆಯಲ್ಲಿ ಲೋಹ ಕೂಡದು. ಓಲೆ, ಮೂಗುಬೊಟ್ಟು ತೆಗೆಯಲು ಅಕ್ಕ ತಕರಾರು ಮಾಡಲಿಲ್ಲ, ತಾಳಿ ತೆಗೆಯಲು ಮಾತ್ರ ಒಪ್ಪಲಿಲ್ಲ. ಕೊನೆಗೆ ಅಲ್ಲಿದ್ದ ಹಿರಿಯ ದಾದಿಯೊಬ್ಬರು ತಮ್ಮ ಮೇಜಿನ ಖಾನೆಯಿಂದ ಅರಿಸಿನದ ಕೊಂಬು ಮತ್ತು ಹಳದಿ ದಾರ ತೆಗೆದುಕೊಟ್ಟರು. ಎಷ್ಟು ಹೆಂಗಸರು ಅಲ್ಲಿ ಅದೇ ಮಾತು ಆಡಿರಬೇಕು ಎಂಬುದು ಆ ಖಾನೆಯನ್ನು ನೋಡಿದರೆ ತಿಳಿಯುತ್ತಿತ್ತು.

ಯೋಜನೆಗೆ ಬಳಸುವ ಎಂಆರ್‌ಐ ತೀರಾ ಹೊಸದಾಗಿರಬೇಕು, ಒಂದು ಮಿಲಿಮೀಟರಿನಷ್ಟು ತೆಳುವಾದ ಪದರಗಳಲ್ಲಿ ತೆಗೆದಿರಬೇಕು, ಅದನ್ನು ಸಿ.ಟಿ. ಚಿತ್ರದ ಮೇಲೆ ಹೊಂದಿಸಿ ಗಡ್ಡೆಯ ಗಡಿಯನ್ನು ಪದರಪದರವಾಗಿ ಗುರುತಿಸುತ್ತಾರೆ. ಚಿಕಿತ್ಸೆಯೆಂಬುದು ಅರ್ಧ ಗಂಟೆಯ ಆಸುಪಾಸು. ನೋವಿಲ್ಲ, ರೋಗಿ ಎಚ್ಚರವಾಗಿಯೇ ಇರುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಕೂದಲು ಇಡಿಯಾಗಿ ಉದುರುವುದಿಲ್ಲ. ಗಡ್ಡೆ ಬುರುಡೆಗೆ ಹತ್ತಿರವಿದ್ದರೆ ಆ ಭಾಗದಲ್ಲಿ ಸ್ವಲ್ಪ ಉದುರಬಹುದು. ಕೆಲವು ದಿನ ಸುಸ್ತು, ಅಲ್ಪಸ್ವಲ್ಪ ತಲೆನೋವು ಇತ್ತು.

ಆಮೇಲೆ ಶುರುವಾದದ್ದೇ ಕಾವಲಿನ ಕಾಲ. ಮೊದಲ ವರ್ಷ ಎರಡು ಮೂರು ತಿಂಗಳಿಗೊಮ್ಮೆ, ಆಮೇಲೆ ಕೊಂಚ ಅಂತರ ಹೆಚ್ಚಿಸಿ, ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲೆಂದು ಕೊಡುವ ಇಂಜೆಕ್ಷನ್) ಸಹಿತ ಎಂಆರ್‌ಐ ಮಾಡಿಸುತ್ತಿರಬೇಕು ಎಂದು ವೈದ್ಯರು ಬರೆದುಕೊಟ್ಟರು. ಮಲೆನಾಡಿನವರಿಗೆ ಇದು ಸುಲಭದ ಮಾತಲ್ಲ. ಕೊಯ್ಲಿನ ಕಾಲದಲ್ಲಿ ತೋಟ ಬಿಡುವಂತಿಲ್ಲ, ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ನಂಬಿ ಮಂಗಳೂರಿಗೆ ಹೊರಡುವಂತಿಲ್ಲ, ಬೆಂಗಳೂರಾದರೆ ಬೇಲೂರು, ಹಾಸನ ದಾಟಿ ಇಡೀ ದಿನದ ಪ್ರಯಾಣ. ಅದಕ್ಕಿಂತ ದೊಡ್ಡ ಅಡ್ಡಿ ಎಂದರೆ ‘ಚೆನ್ನಾಗಿಯೇ ಇದ್ದೀನಲ್ಲ, ಯಾಕೆ ಸುಮ್ಮನೆ ದುಡ್ಡು’ ಎಂಬ ಅಕ್ಕನ ವಾದ. ಚೆನ್ನಾಗಿರುವಾಗ ಮಾಡಿಸುವುದಕ್ಕೇ ಆ ಸ್ಕ್ಯಾನಿಗೆ ಬೆಲೆ. ನಾವು ಕಂಡುಕೊಂಡ ಮಾರ್ಗವೆಂದರೆ ಎಂಆರ್‌ಐಯನ್ನು ಹಾಸನದಲ್ಲಿಯೇ ಮಾಡಿಸಿ, ಚಿತ್ರಗಳ ಸಿ.ಡಿ.ಯನ್ನು ಬೆಂಗಳೂರಿಗೆ ಕಳಿಸಿ, ಏನಾದರೂ ಕಂಡರೆ ಮಾತ್ರ ರೋಗಿಯನ್ನು ಕರೆದೊಯ್ಯುವುದು. ಇದಕ್ಕೆ ಅಲ್ಲಿನ ವೈದ್ಯರ ಒಪ್ಪಿಗೆ ಮೊದಲೇ ಪಡೆದೆವು. ಆದರೂ ಎಚ್ಚರ ಬೇಕು: ಒಮ್ಮೆ ಒಂದು ಸ್ಕ್ಯಾನ್ ಸೆಂಟರಿನವರು, ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ, ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡದೆಯೇ ಸ್ಕ್ಯಾನ್ ಮುಗಿಸಿ ‘ಹೊಸದೇನೂ ಇಲ್ಲ’ ಎಂಬ ವರದಿ ಕೊಟ್ಟರು. ಕಾಂಟ್ರಾಸ್ಟ್ ಇಲ್ಲದ ಚಿತ್ರದಲ್ಲಿ ನಾಲ್ಕೈದು ಮಿಲಿಮೀಟರಿನ ಗಡ್ಡೆ ಕಣ್ಣಿಗೆ ಬೀಳದಿರುವುದೇ ಹೆಚ್ಚು. ಆ ವರದಿಯಿಂದ ಪ್ರಯೋಜನವಿರಲಿಲ್ಲ, ದುಡ್ಡು ಕೊಟ್ಟು ಮತ್ತೆ ಮಾಡಿಸಬೇಕಾಯಿತು. ಮೂತ್ರಪಿಂಡ ಸರಿಯಿದೆಯೆಂದು ತೋರಿಸುವ ಕ್ರಿಯಾಟಿನಿನ್ ವರದಿ ಕೈಯಲ್ಲಿರಬೇಕು, ತೆಳುಪದರದ ಚಿತ್ರಗಳು ಬೇಕೆಂದು ಮೊದಲೇ ಹೇಳಬೇಕು, ಸಾಧ್ಯವಾದಷ್ಟೂ ಪ್ರತಿಸಲ ಒಂದೇ ಯಂತ್ರದಲ್ಲಿ ಮಾಡಿಸಬೇಕು, ಮತ್ತು ಫಿಲ್ಮಿನ ಹಾಳೆಗೆ ತೃಪ್ತರಾಗದೆ ಸಿ.ಡಿ. ಕೇಳಿ ಪಡೆಯಬೇಕು.

ಈ ಕಾವಲು ಒಮ್ಮೆ ನಮ್ಮನ್ನು ಹೆದರಿಸಿತು, ಇನ್ನೊಮ್ಮೆ ಉಳಿಸಿತು. ಚಿಕಿತ್ಸೆಯಾಗಿ ವರ್ಷ ತುಂಬುವ ಹೊತ್ತಿಗೆ ದೊಡ್ಡ ಗಡ್ಡೆಯಿದ್ದ ಜಾಗ, ಅಲ್ಲಿಯವರೆಗೆ ಕುಗ್ಗುತ್ತ ಬಂದಿದ್ದದ್ದು, ಮತ್ತೆ ಹಿಗ್ಗಿದಂತೆ ಕಂಡಿತು. ವಿಕಿರಣ ಬಿದ್ದ ಅಂಗಾಂಶ ತಿಂಗಳುಗಳ ನಂತರ ಸತ್ತು ಊದಿಕೊಳ್ಳುವುದುಂಟು. ರೇಡಿಯೇಶನ್ ನೆಕ್ರೋಸಿಸ್ ಎನ್ನುತ್ತಾರೆ. ನೂರರಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ ಇದು ತೊಂದರೆ ಕೊಡುತ್ತದೆ, ಗಡ್ಡೆ ದೊಡ್ಡದಿದ್ದಷ್ಟೂ ಸಂಭವ ಹೆಚ್ಚು. ಸಾಮಾನ್ಯ ಎಂಆರ್‌ಐಯಲ್ಲಿ ಅದೂ ಮರಳಿ ಬೆಳೆದ ಕ್ಯಾನ್ಸರೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ರಕ್ತದ ಹರಿವನ್ನು ಅಳೆಯುವ ವಿಶೇಷ ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ಸಹಾಯಕ್ಕೆ ಬರುತ್ತವೆ, ಕೆಲವೊಮ್ಮೆ ಅವೂ ಖಚಿತವಾಗಿ ಹೇಳುವುದಿಲ್ಲ. ಅಕ್ಕನಿಗೆ ಆ ಭಾಗದಲ್ಲಿ ರಕ್ತದ ಹರಿವು ಕಡಿಮೆಯಿದ್ದುದರಿಂದ ವೈದ್ಯರು ಸ್ವಲ್ಪ ಕಾಲ ಸ್ಟಿರಾಯ್ಡ್ ಕೊಟ್ಟು ಕಾದು ನೋಡಿದರು, ಮುಂದಿನ ಚಿತ್ರದಲ್ಲಿ ಅದು ಇಳಿದಿತ್ತು. ಇಳಿಯದಿದ್ದರೆ ಬೆವಾಸಿಜುಮಾಬ್ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು. ಅದಾದ ಕೆಲವು ತಿಂಗಳಿಗೆ ಬಲಭಾಗದ ಮುಂದುಗಡೆ ಆರು ಮಿಲಿಮೀಟರಿನ ಹೊಸ ಗಡ್ಡೆ ಕಂಡಿತು. ಅಕ್ಕನಿಗೆ ಯಾವ ಲಕ್ಷಣವೂ ಇರಲಿಲ್ಲ. ಒಂದೇ ಬೆಳಗ್ಗೆ ಅದಕ್ಕೂ ವಿಕಿರಣವಾಯಿತು, ಸ್ಟಿರಾಯ್ಡ್ ಕೂಡ ಹೆಚ್ಚು ಬೇಕಾಗಲಿಲ್ಲ.

ಎಷ್ಟು ಗಡ್ಡೆಗಳವರೆಗೆ ಈ ಚಿಕಿತ್ಸೆ ಸರಿ ಎಂಬುದರ ಬಗ್ಗೆ ಹಿಂದೆ ಮೂರು ಅಥವಾ ನಾಲ್ಕು ಎಂಬ ಗೆರೆಯಿತ್ತು. ಜಪಾನಿನಲ್ಲಿ ಯಾಮಾಮೋಟೋ ಮತ್ತು ಸಂಗಡಿಗರು 1,194 ರೋಗಿಗಳನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದರಿಂದ ಹತ್ತು ಗಡ್ಡೆಗಳಿದ್ದವರೂ ಎರಡರಿಂದ ನಾಲ್ಕು ಇದ್ದವರೂ ಬದುಕಿದ ಕಾಲದ ಮಧ್ಯಾಂಕ 10.8 ತಿಂಗಳೇ ಆಗಿತ್ತು. ಎಣಿಕೆಗಿಂತ ಒಟ್ಟು ಗಾತ್ರ ಮತ್ತು ಶರೀರದ ರೋಗದ ಸ್ಥಿತಿ ಮುಖ್ಯವೆಂಬ ಅಭಿಪ್ರಾಯ ಅಲ್ಲಿಂದ ಬಲವಾಯಿತು. 10.8 ತಿಂಗಳೆಂಬ ಅಂಕಿ ಓದಿದವರಿಗೆ ಎದೆ ಕುಸಿಯುವಂಥದ್ದು, ನಮಗೂ ಕುಸಿಯಿತು. ಆದರೆ ಅದು ಅರ್ಧ ಮಂದಿ ದಾಟಿದ ಗಡಿಯೇ ಹೊರತು ಪ್ರತಿಯೊಬ್ಬರ ಕೊನೆಯ ದಿನವಲ್ಲ, ಮತ್ತು ಈಚಿನ ಔಷಧಗಳು ಬರುವ ಮುಂಚಿನ ಕಾಲದ್ದು. ಹರ್‌-2 ಸ್ತನ ಕ್ಯಾನ್ಸರಿಗೆ ಟುಕಾಟಿನಿಬ್, ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆಯಿರುವ ಶ್ವಾಸಕೋಶದ ಕ್ಯಾನ್ಸರಿಗೆ ಆಸಿಮೆರ್ಟಿನಿಬ್‌ನಂಥ ಮಾತ್ರೆಗಳು ಮಿದುಳಿನ ತಡೆಯನ್ನು ದಾಟಿ ಕೆಲಸ ಮಾಡುತ್ತವೆ. ಮೂಲ ಗಡ್ಡೆಯ ತುಣುಕಿನಲ್ಲಿ ಈ ಗುರುತುಗಳ ಪರೀಕ್ಷೆ ಆಗಿದೆಯೇ ಎಂದು ಕೇಳದೆ ಯಾರೂ ಮನೆಗೆ ಮರಳಬಾರದು.

ಇಡೀ ಮಿದುಳಿನ ವಿಕಿರಣವೇ ತಕ್ಕದ್ದಾದ ರೋಗಿಗಳೂ ಇದ್ದಾರೆ: ಎಣಿಸಲಾರದಷ್ಟು ಗಡ್ಡೆಗಳಿರುವವರು, ಹಲವು ಸಂದರ್ಭಗಳಲ್ಲಿ ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರಿನವರು. ಅಂಥವರಿಗೆ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ಸನ್ನು ತಪ್ಪಿಸಿ ವಿಕಿರಣ ಕೊಡುವ ವಿಧಾನವಿದೆ, ಜೊತೆಗೆ ಮೆಮಾಂಟಿನ್ ಮಾತ್ರೆ ಕೊಡುತ್ತಾರೆ. ಇದು ನೆನಪನ್ನು ಹೆಚ್ಚು ಉಳಿಸುತ್ತದೆಂದು 2020ರ ಅಧ್ಯಯನವೊಂದು ತೋರಿಸಿತು. ಹಾಸಿಗೆ ಹಿಡಿದು, ಶರೀರವೆಲ್ಲ ರೋಗ ಹಬ್ಬಿದವರಿಗೆ ಸ್ಟಿರಾಯ್ಡ್ ಮತ್ತು ಆರೈಕೆಯೇ ಸಾಕೆಂದು ವೈದ್ಯರು ಹೇಳಿದರೆ ಅದನ್ನು ಕೈಬಿಟ್ಟರೆಂದು ತಿಳಿಯಬಾರದು. ಸಣ್ಣಕೋಶದ್ದಲ್ಲದ ಶ್ವಾಸಕೋಶದ ಕ್ಯಾನ್ಸರಿನ ಅಂಥ ರೋಗಿಗಳಲ್ಲಿ ಇಡೀ ಮಿದುಳಿನ ವಿಕಿರಣದಿಂದ ಹೆಚ್ಚಿನ ಲಾಭವಿಲ್ಲವೆಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2016ರಲ್ಲಿ ತೋರಿಸಿದೆ.

ಖರ್ಚಿನ ವಿಷಯದಲ್ಲಿ ಪ್ರತಿ ಆಸ್ಪತ್ರೆಯ ಲೆಕ್ಕ ಬೇರೆಯಾದ್ದರಿಂದ ಮೊತ್ತ ಹೇಳಲಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡ್ ಇರುವವರು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು, ಯಾವ ವಿಧದ ವಿಕಿರಣಕ್ಕೆ ಎಷ್ಟು ಅನ್ವಯವಾಗುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಚಿಕಿತ್ಸೆಗೆ ಮೊದಲೇ ವಿಚಾರಿಸುವುದು ಒಳ್ಳೆಯದು. ಮುಂದಿನ ಎಂಆರ್‌ಐಗಳ ಖರ್ಚನ್ನೂ ಅದೇ ದಿನ ಲೆಕ್ಕಕ್ಕೆ ಹಿಡಿಯಬೇಕು. ಚಿಕಿತ್ಸೆ ಮುಗಿದು ಹೊರಡುವಾಗ ಬಿಡುಗಡೆಯ ಚೀಟಿಯ ಜೊತೆಗೆ ವಿಕಿರಣದ ಪೂರ್ಣ ವಿವರವನ್ನು, ಅಂದರೆ ಯಾವ ಗಡ್ಡೆಗೆ ಯಾವ ದಿನ ಎಷ್ಟು ಗ್ರೇ, ಎಷ್ಟು ಕಂತು ಎಂಬ ಕಾಗದವನ್ನು ಮತ್ತು ಯೋಜನೆಯ ಚಿತ್ರಗಳ ಪ್ರತಿಯನ್ನು ಕೇಳಿ ತೆಗೆದುಕೊಳ್ಳಬೇಕು. ಹೊಸ ಗಡ್ಡೆ ಹಳೆಯದರ ಪಕ್ಕದಲ್ಲೇ ಎದ್ದಾಗ, ಅಥವಾ ಊತವೋ ಕ್ಯಾನ್ಸರೋ ಎಂಬ ಪ್ರಶ್ನೆ ಬಂದಾಗ, ಮುಂದಿನ ವೈದ್ಯರು ಮೊದಲು ಕೇಳುವುದು ಅದನ್ನೇ. ಅಕ್ಕನ ಬಳಿ ಅದು ಬಟವಾಡೆ ಪುಸ್ತಕಗಳಿರುವ ಕಬ್ಬಿಣದ ಬೀರುವಿನಲ್ಲಿ, ಬೇರೆಯದೇ ಫೈಲಿನಲ್ಲಿದೆ. ಮುಂದಿನ ಸ್ಕ್ಯಾನ್ ಕೊಯ್ಲು ಶುರುವಾಗುವ ಮೊದಲು ಆಗಬೇಕು, ಹಾಸನದಲ್ಲಿ ದಿನ ಗೊತ್ತುಮಾಡುವ ಕೆಲಸ ನನ್ನದು.